ಘಟ್ಟದ ಮಳೆಗೆ ಪಿಕಪ್ ಹೀಟರ್: ಮೂರು ಮಳೆಗಾಲ ಕಳೆದ ಮೇಲೆ

‘ಹೀಟರಿಗಾ? ಕುಮಟೆಯಲ್ಲಾ?’ ಎಂದು ಬಿಡಿಭಾಗದ ಅಂಗಡಿಯವನು ನಕ್ಕಿದ್ದ. ನಕ್ಕದ್ದು ತಪ್ಪಲ್ಲ. ಮೇ ತಿಂಗಳ ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಥರ್ಮೋಸ್ಟಾಟ್ (ಇಂಜಿನ್ ಕಾಯುವವರೆಗೆ ಅದರ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಕವಾಟ) ಕೇಳಿದವನು ನಾನು. ಆದರೆ ಜುಲೈ ತಿಂಗಳಲ್ಲಿ ಬೆಳಗಿನ ಐದು ಗಂಟೆಗೆ ದೇವಿಮನೆ ಘಟ್ಟ ಇಳಿದವರಿಗೆ ಹೀಟರ್ ಏಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದು ಬೇಕಾಗಿರುವುದು ಮೈಗಲ್ಲ, ಗಾಜಿಗೆ. ಒದ್ದೆ ಬಟ್ಟೆಯಲ್ಲಿ ಇಬ್ಬರು ಹಮಾಲರು ಪಕ್ಕದಲ್ಲಿ ಕುಳಿತರೆ ಎರಡು ತಿರುವು ದಾಟುವುದರೊಳಗೆ ಮುಂದಿನ ಗಾಜು ಮಜ್ಜಿಗೆ ಬಳಿದಂತಾಗುತ್ತದೆ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಬೈರಾಸು. ಏಸಿ ಹಾಕಿದರೆ ಒಳಗಿನ ಮಂಜು ಹೋಗುತ್ತದೆ, ನಿಜ. ಘಟ್ಟದ ಬುಡ ತಲುಪಿ ಕರಾವಳಿಯ ಬೆಚ್ಚನೆಯ ಹಸಿಗಾಳಿ ತಾಗಿದ ಕೂಡಲೇ, ತಣ್ಣಗಾದ ಅದೇ ಗಾಜಿಗೆ ಹೊರಗಿನಿಂದ ಮಂಜು ಕೂರುತ್ತದೆ. ಏಸಿಯ ಜೊತೆಗೆ ಹೀಟರನ್ನೂ ತುಸು ತಿರುಗಿಸಿದರೆ ಎರಡೂ ಕಾಟ ತಪ್ಪುತ್ತದೆ. ನನ್ನ ಗಾಡಿಯ ಹೀಟರ್ ಮಾತ್ರ ತಣ್ಣನೆಯ ಗಾಳಿಯನ್ನೇ ಊದುತ್ತಿತ್ತು.

2019ರಲ್ಲಿ ಕೊಂಡ ಹಳೆಯ ಪಿಕಪ್ ಇದು. ಶಿರಸಿಯಿಂದ ಬಾಳೆಗೊನೆ ಇಳಿಸುವುದು, ಕುಮಟೆಯಿಂದ ತೆಂಗಿನಕಾಯಿ ಏರಿಸುವುದು, ಒಂದು ದಿಕ್ಕಿಗೆ ಸುಮಾರು 60 ಕಿ.ಮೀ. ಮೊದಲು ಹೋದ ಗ್ಯಾರೇಜಿನಲ್ಲಿ ಬ್ಲೋವರ್ ಮೋಟಾರು ಬದಲಿಸಿದರು, 2,800 ರೂಪಾಯಿ. ತಣ್ಣನೆಯ ಗಾಳಿ ಇನ್ನಷ್ಟು ಜೋರಾಗಿ ಬರತೊಡಗಿತು.

ಸುಳಿವು ಕೊಟ್ಟದ್ದು ಘಟ್ಟವೇ. ಕಾಯಿ ತುಂಬಿಕೊಂಡು ಏರುವಾಗ ಗಾಳಿ ಸ್ವಲ್ಪ ಉಗುರುಬೆಚ್ಚಗಾಗುತ್ತಿತ್ತು. ಇಳಿಯುವಾಗ ಪೂರ್ತಿ ತಣ್ಣಗೆ. ಟೆಂಪರೇಚರ್ ಮುಳ್ಳು ಕೂಡ ಇಳಿಜಾರಿನಲ್ಲಿ ನೆಲ ಹಿಡಿಯುತ್ತಿತ್ತು. ಹೀಟರಿಗೆ ಸ್ವಂತ ಬೆಂಕಿ ಇಲ್ಲ. ಇಂಜಿನ್ ಸುತ್ತಿ ಕಾದ ನೀರು ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರಿನಲ್ಲಿ ಹಾದುಹೋಗುತ್ತದೆ, ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ, ಅಷ್ಟೇ. ಇಂಜಿನ್ನೇ ಕಾಯದಿದ್ದರೆ ಅದೇನು ಮಾಡೀತು? ಬಾನೆಟ್ ಎತ್ತಿ, ಕ್ಯಾಬಿನ್ನಿನೊಳಗೆ ಹೋಗುವ ಎರಡೂ ಪೈಪುಗಳನ್ನು ಮುಟ್ಟಿ ನೋಡಿದೆ. ಎರಡೂ ಬೆಚ್ಚಗೆ, ಸುಡುವಷ್ಟಲ್ಲ. ಎರಡೂ ಸುಡುತ್ತಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ಒಳಗಿನ ಕೇಬಲ್ ಅಥವಾ ಗಾಳಿಯ ದಾರಿ ಬದಲಿಸುವ ಪುಟ್ಟ ಬಾಗಿಲಿನ ದೋಷ. ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ನನ್ನದು ಎರಡೂ ಅಲ್ಲ. ಹಾಗಾದರೆ ಥರ್ಮೋಸ್ಟಾಟ್ ತೆರೆದ ಬಾಯಿ ಮುಚ್ಚುತ್ತಿಲ್ಲ ಎಂದುಕೊಂಡು ಶಿರಸಿಯ ಮೆಕ್ಯಾನಿಕ್ ಹತ್ತಿರ ಬಿಚ್ಚಿಸಿದೆ. ಅದು ಕೆಟ್ಟಿರಲಿಲ್ಲ, ಅಲ್ಲಿ ಇರಲೇ ಇಲ್ಲ!

‘ನಮ್ಮ ಸೀಮೆಗೆ ಅದೆಲ್ಲ ಬೇಡ ಭಟ್ಟರೇ, ತೆಗೆದರೆ ಇಂಜಿನ್ ತಂಪಾಗಿರುತ್ತದೆ’ ಎಂದರು ಅವರು. ಹಿಂದಿನ ಮಾಲೀಕನಿಗೂ ಯಾರೋ ಇದೇ ಮಾತು ಹೇಳಿರಬೇಕು. ಡೀಸೆಲ್ ಇಂಜಿನ್ ತಂಪಾಗಿರುವುದು ಆರೋಗ್ಯವಲ್ಲ. ಸರಿಯಾದ ಬಿಸಿ ಸಿಗದೆ ಡೀಸೆಲ್ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ನಾನು ವಾದಿಸಲಿಲ್ಲ, ಕುಮಟೆಗೆ ಹೋಗಿ ಹೊಸತನ್ನು ತಂದೆ. ಅದರ ಮೇಲೆ 82 ಎಂದು ಒತ್ತಿತ್ತು, ಅಂದರೆ 82 ಡಿಗ್ರಿಗೆ ಬಾಯಿ ಬಿಡಬೇಕು. ಕೂರಿಸುವ ಮೊದಲು ಅಡುಗೆಮನೆಯಲ್ಲಿ ಪಾತ್ರೆಯ ನೀರಿಗೆ ದಾರ ಕಟ್ಟಿ ಇಳಿಬಿಟ್ಟೆ. ತಳದಿಂದ ಸಣ್ಣ ಗುಳ್ಳೆ ಏಳತೊಡಗಿ, ನೀರು ಇನ್ನೂ ಕುದಿಯುವ ಮೊದಲೇ ಹಿತ್ತಾಳೆಯ ಬಿಲ್ಲೆ ಮೆಲ್ಲಗೆ ಕೆಳಗೆ ಸರಿಯಿತು. ಒಲೆ ಆರಿಸಿದ ಮೇಲೆ ತಾನಾಗಿ ಮುಚ್ಚಿಕೊಂಡಿತು. ಆಯಿ ಆ ಪಾತ್ರೆಯನ್ನು ಅಂದೇ ಕೊಟ್ಟಿಗೆಗೆ ಸಾಗಹಾಕಿದಳು.

ಥರ್ಮೋಸ್ಟಾಟಿಗೆ 650 ರೂಪಾಯಿ, ಕೂಲಂಟ್ (ಇಂಜಿನ್ ಸುತ್ತುವ ನೀರಿಗೆ ಬೆರೆಸುವ ದ್ರವ) ಮತ್ತು ಕೂಲಿ ಸೇರಿ ಒಟ್ಟು 2,100. ಕೂರಿಸಿದ ದಿನವೂ ತಣ್ಣನೆಯ ಗಾಳಿಯೇ ಬಂತು ಎಂಬುದನ್ನು ಮುಚ್ಚಿಡುವುದಿಲ್ಲ. ಏರ್‌ಲಾಕ್ ಆಗಿತ್ತು, ಅಂದರೆ ಪೈಪಿನೊಳಗೆ ಗಾಳಿ ಸಿಕ್ಕಿಕೊಂಡು ನೀರು ಹರಿಯುತ್ತಿರಲಿಲ್ಲ. ಮರುದಿನ ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿದ್ದಾಗ, ಮನೆಯ ಏರುಹಾದಿಯಲ್ಲಿ ಮೂತಿ ಮೇಲಾಗಿ ಗಾಡಿ ನಿಲ್ಲಿಸಿ, ರೇಡಿಯೇಟರ್ ಮುಚ್ಚಳ ತೆಗೆದು, ಹೀಟರ್ ಗುಂಡಿಯನ್ನು ಪೂರ್ತಿ ಬಿಸಿಗೆ ತಿರುಗಿಸಿ ಚಾಲೂ ಮಾಡಿದೆ. ಗುಳುಗುಳು ಎಂದು ಗಾಳಿ ಹೊರಬಂತು, ಕೂಲಂಟ್ ಇಳಿದಷ್ಟೂ ತುಂಬಿಸಿದೆ. ಕಾಲು ಗಂಟೆಯಲ್ಲಿ ಕಿಂಡಿಯ ಮುಂದೆ ಕೈ ಹಿಡಿಯಲಾಗದಷ್ಟು ಬಿಸಿ. ಕಾದ ಇಂಜಿನ್ನಿನ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ, ಕುದಿನೀರು ಮುಖಕ್ಕೇ ಹಾರುತ್ತದೆ.

2022ರ ಮಳೆಗಾಲ ಬೈರಾಸು ಮುಟ್ಟದೆ ಕಳೆಯಿತು. 2023ರಲ್ಲಿ ಮತ್ತೆ ಬಿಸಿ ಕುಂದಿತು, ಈ ಸಲ ಒಂದು ಪೈಪು ಸುಡುತ್ತಿತ್ತು, ಇನ್ನೊಂದು ಬರಿ ಬೆಚ್ಚಗಿತ್ತು. ಹಿಂದಿನವರು ವರ್ಷಗಟ್ಟಲೆ ಕೂಲಂಟಿನ ಬದಲು ಬಾವಿ ನೀರು ಸುರಿದ ಫಲ, ಹೀಟರಿನೊಳಗೆ ಕೊಳೆ ಕಟ್ಟಿಕೊಂಡಿತ್ತು. ಎರಡೂ ಪೈಪು ಕಳಚಿ, ನೀರು ಹೊರಬರುವ ಬಾಯಿಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟೆವು. ಬಂದದ್ದು ಅಪ್ಪಟ ಅಡಿಕೆ ಚೊಗರಿನ ಬಣ್ಣ. ತಿಳಿಯಾಗುವವರೆಗೆ ಬಿಟ್ಟು, ಕೂಲಂಟಿಗೆ ಬ್ಯಾಟರಿಗೆ ಹಾಕುವ ನೀರನ್ನೇ ಅರ್ಧಕ್ಕರ್ಧ ಬೆರೆಸಿ ತುಂಬಿದೆ. ಚೆಲ್ಲಿದ್ದನ್ನು ತೊಳೆದುಬಿಡಿ, ಸಿಹಿಯೆಂದು ನಾಯಿ ನೆಕ್ಕುತ್ತದೆ, ಅದು ವಿಷ.

ಮೈಲೇಜ್ ಲೀಟರಿಗೆ ಮುಕ್ಕಾಲು ಕಿಲೋಮೀಟರ್ ಏರಿದಂತಿದೆ, ಲೋಡು ದಿನಕ್ಕೊಂದು ತರಹ ಇರುವುದರಿಂದ ಪ್ರಮಾಣ ಮಾಡಲಾರೆ. ಹೀಟರಿಗೆ ಐದಕ್ಕೆ ನಾಲ್ಕು ಅಂಕ ಕೊಟ್ಟೇನು. ಉಳಿದೊಂದನ್ನು ಕಳೆದದ್ದು ಎಡಬದಿಯ ಕಿಂಡಿಗೆ, ಅಲ್ಲಿ ಗಾಳಿ ಇನ್ನೂ ಮಂದ. ಹಮಾಲರು ದಿನವೂ ದೂರುತ್ತಾರೆ. 2024ರ ಮಳೆ ಮುಗಿದಾಗ ನೋಡಿದರೆ ಕೂಲಂಟ್ ಡಬ್ಬಿಯಲ್ಲಿ ಮಟ್ಟ ಒಂದು ಬೆರಳು ಇಳಿದಿತ್ತು. ಕ್ಯಾಬಿನ್ನಿನಲ್ಲಿ ಸಿಹಿ ವಾಸನೆ ಇಲ್ಲ, ಗಾಜಿಗೆ ಜಿಡ್ಡೂ ಕಟ್ಟಿಲ್ಲ, ಹಾಗಾಗಿ ಒಳಗಿನ ರೇಡಿಯೇಟರ್ ಸೋರುತ್ತಿರಲಿಕ್ಕಿಲ್ಲ. ಪೈಪಿನ ಕ್ಲಾಂಪ್ ಬಿಗಿ ಮಾಡಿದ್ದೇನೆ, ಡಬ್ಬಿಗೆ ಮಾರ್ಕರಿನಲ್ಲಿ ಗೆರೆ ಎಳೆದಿದ್ದೇನೆ.