10 ಕೆಜಿ ಕಾಂಪೋಸ್ಟ್ ಚೀಲ: ಬಸಳೆಗೆ ಒಳ್ಳೆಯದು, ಎರೆಹುಳುವಿಗೆ?

ಮಂಗಳೂರಿನ ಒಂದು ನರ್ಸರಿಯಲ್ಲಿ ಸಿಗುವ 10 ಕೆಜಿ ಕಾಂಪೋಸ್ಟ್ ಚೀಲದ ಬಗ್ಗೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಇದು ಊರಿನ ಕಸದಿಂದ ಮಾಡಿದ್ದು, ಪ್ಲಾಸ್ಟಿಕ್ ಚೂರು ಬೆರೆತಿರುವ ತೊಂದರೆ ಇಂಥ ಬೇರೆ ಗೊಬ್ಬರಗಳಲ್ಲೂ ಇರಬಹುದು. ತಾರಸಿಯಲ್ಲಿ ಮಲ್ಲಿಗೆ, ಬಸಳೆ, ಅಲಸಂಡೆ ಬೆಳೆಸುವ ನನ್ನ ಪರಿಚಯದವರು ಜಾಸ್ತಿ ಕೊಳ್ಳುವುದು ಇದನ್ನೇ. ಅಗ್ಗ, ವಾಸನೆ ಇಲ್ಲ, ಕೈಗೆ ಅಂಟುವುದಿಲ್ಲ. ನಮ್ಮ ಬಸಳೆ ಚಪ್ಪರ ತುಂಬಾ ಹಬ್ಬಿತು, ಅದರಲ್ಲಿ ಸುಳ್ಳಿಲ್ಲ.

ಆದರೆ ಒಂದು ಹಿಡಿ ಗೊಬ್ಬರವನ್ನು ಬಿಳಿ ತಟ್ಟೆಗೆ ಹಾಕಿ ಬಿಸಿಲಲ್ಲಿ ನೋಡಿ. ಹಾಲಿನ ಪ್ಯಾಕೆಟಿನ ನೀಲಿ ಚೂರು, ಶಾಂಪೂ ಪೊಟ್ಟಣದ ಮಿನುಗುವ ಚೂರು, ಪ್ಲಾಸ್ಟಿಕ್ ಗೋಣಿಯ ಎಳೆ, ಎಲ್ಲ ಇದೆ. ಬಕೆಟ್ ನೀರಿಗೆ ಹಾಕಿ ಕಲಕಿದಾಗ ಇನ್ನಷ್ಟು ಮೇಲೆ ಬಂತು. ತೇಲುವುದು ಕವರಿನ ಪಾಲಿಥೀನ್, ಗೋಣಿಯ ಪಾಲಿಪ್ರೊಪಿಲೀನ್ ಇಂಥವು. ಬಾಟಲಿಯ ಪೆಟ್, ಪೈಪಿನ ಪಿವಿಸಿ ನೀರಿಗಿಂತ ಭಾರ, ತಳದಲ್ಲೇ ಕೂರುತ್ತವೆ. ಹಾಗಾಗಿ ತೇಲಿದ್ದನ್ನು ತೆಗೆದು ಬಿಸಾಡಿದರೆ ಕೆಲಸ ಮುಗಿಯಲಿಲ್ಲ. 5 ಮಿಲಿಮೀಟರಿಗಿಂತ ಚಿಕ್ಕ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ, ತೀರಾ ಸಣ್ಣವು ಕಣ್ಣಿಗೆ ಬೀಳುವುದೇ ಇಲ್ಲ.

ಅಂಗಡಿಯವರಿಗೆ ತೋರಿಸಿದೆ. "ಎಂಥದ್ದೂ ಆಗುವುದಿಲ್ಲ ಮಾರಾಯ್ರೇ, ಪ್ಲಾಸ್ಟಿಕ್ ಅಲ್ವಾ, ಸುಮ್ನೆ ಬಿದ್ದಿರುತ್ತದೆ" ಅಂದರು. ನನ್ನ ತಕರಾರು ಇರುವುದೇ ಈ ಮಾತಿನ ಮೇಲೆ. ಮಣ್ಣಿನಲ್ಲಿರುವ ಸತು, ತಾಮ್ರ, ಕೀಟನಾಶಕ ಎಲ್ಲ ಪ್ಲಾಸ್ಟಿಕಿನ ಮೈಗೆ ಅಂಟಿಕೊಳ್ಳುತ್ತವೆ. ಪ್ಲಾಸ್ಟಿಕ್ ಮೆತ್ತಗಾಗಲಿ ಅಂತ ಕಾರ್ಖಾನೆಯಲ್ಲಿ ಸೇರಿಸಿದ ಥಾಲೇಟ್‌ನಂಥ ರಾಸಾಯನಿಕ ನಿಧಾನಕ್ಕೆ ಹೊರಗೆ ಬರುತ್ತದೆ. ಎರೆಹುಳು ಮಣ್ಣು, ಕೊಳೆತ ಎಲೆ ತಿಂದು ಬದುಕುವ ಜೀವಿ. ಅದರ ಜೊತೆ ಈ ಚೂರೂ ಹೊಟ್ಟೆಗೆ ಹೋಗುತ್ತದೆ.

2017ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಪ್ಲಾಸ್ಟಿಕ್ ಕವರಿನ ಚೂರಿಗೂ ಮಣ್ಣಿಗೂ ಸತು ಅಂಟಿಸಿ, ಎರೆಹುಳುವಿನ ಹೊಟ್ಟೆಯ ರಸದಂಥ ದ್ರಾವಣದಲ್ಲಿ ಇಟ್ಟು ನೋಡಿದ್ದರು. ಮಣ್ಣಿಗೆ ಅಂಟಿದ್ದ ಸತುವಿನಲ್ಲಿ ಶೇ. 2ರಿಂದ 15ರಷ್ಟು ಮಾತ್ರ ಬಿಟ್ಟುಕೊಂಡಿತು. ಪ್ಲಾಸ್ಟಿಕಿಗೆ ಅಂಟಿದ್ದರಲ್ಲಿ ಶೇ. 40ರಿಂದ 60! ಅದೇ ಅಧ್ಯಯನದಲ್ಲಿ ಹುಳುಗಳು ಸಾಯಲಿಲ್ಲ, ತೂಕವೂ ಇಳಿಯಲಿಲ್ಲ, ಇದನ್ನೂ ಹೇಳಲೇಬೇಕು. ಬೇರೆ ಕೆಲವು ಪ್ರಯೋಗಗಳಲ್ಲಿ ಪ್ಲಾಸ್ಟಿಕ್ ವಿಷವನ್ನು ಗಟ್ಟಿಯಾಗಿ ಹಿಡಿದುಕೊಂಡು, ಹುಳುವಿನ ಮೈಗೆ ಸೇರುವುದು ಕಡಿಮೆ ಆದದ್ದೂ ಇದೆ. ಯಾವ ಪ್ಲಾಸ್ಟಿಕ್, ಯಾವ ವಿಷ, ಎಷ್ಟು, ಎಂಥ ಮಣ್ಣು, ಇದೆಲ್ಲ ಸೇರಿ ಫಲಿತಾಂಶ ಬದಲಾಗುತ್ತದೆ. ಒಂದೊಂದನ್ನೇ ಬೇರೆ ಬೇರೆ ಅಳೆದರೆ ಇದು ಗೊತ್ತಾಗುವುದಿಲ್ಲ. ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಸಿಟಿ ಕಾಂಪೋಸ್ಟಿಗೆ, ಅಂದರೆ ಊರಿನ ಕಸದ ಗೊಬ್ಬರಕ್ಕೆ, ಲೋಹಗಳ ಮಿತಿ ಇದೆ, ಒಂದು ಕೆಜಿಗೆ ತಾಮ್ರ 300 ಮಿಲಿಗ್ರಾಂ, ಸೀಸ 100, ಕ್ಯಾಡ್ಮಿಯಂ 5. ಒಂದೊಂದಕ್ಕೂ ಬೇರೆ ಬೇರೆ ಲೆಕ್ಕ. ಹುಳುವಿಗೆ ಎಲ್ಲವೂ ಒಟ್ಟಿಗೇ ಸಿಗುತ್ತದೆ.

ಎರೆಹುಳು ಒಂದೇ ಅಲ್ಲ. ಕುಂಡದ ಮಣ್ಣು ಕೆದಕಿದರೆ ಪುಟ್ಟ ಬಿಳಿ ಹುಳಗಳು ಪಟ್ಟಂತ ಹಾರುತ್ತವಲ್ಲ, ಸ್ಪ್ರಿಂಗ್‌ಟೇಲ್, ಅವುಗಳಿಗೆ ಪಿವಿಸಿ ಚೂರು ಬೆರೆಸಿದ ಮಣ್ಣಿನಲ್ಲಿ ಬೆಳವಣಿಗೆ ಕುಂಠಿತವಾಗಿ ಮರಿ ಕಡಿಮೆಯಾದದ್ದು ಪ್ರಯೋಗದಲ್ಲಿ ಕಂಡಿದೆ.

ಕಾರ್ಕಳದ ನಮ್ಮ ಭಾವ ಅಡಿಕೆ ತೋಟಕ್ಕೆ ಇದೇ ಗೊಬ್ಬರ ಲೋಡುಗಟ್ಟಲೆ ತರಿಸುತ್ತೇನೆ ಅಂದರು. "ಬೇಡ ಭಾವ" ಅಂತ ಖಡಾಖಂಡಿತವಾಗಿ ಹೇಳಿದೆ. ಕೊಳೆರೋಗಕ್ಕೆ ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಯುತ್ತೇವೆ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ. ಅದು ಬೇಕು, ಇಲ್ಲದಿದ್ದರೆ ಬೆಳೆಯೇ ಇಲ್ಲ. ಆದರೆ ಅದರ ತಾಮ್ರ ಕೊಳೆತು ಹೋಗುವ ವಸ್ತುವಲ್ಲ, ವರ್ಷ ವರ್ಷ ಮೇಲ್ಮಣ್ಣಿನಲ್ಲಿ ಕೂಡುತ್ತಾ ಬರುತ್ತದೆ, ಜಾಸ್ತಿಯಾದರೆ ಎರೆಹುಳುವಿನ ಸಂತಾನಕ್ಕೇ ಪೆಟ್ಟು. ಅಂಥ ಮಣ್ಣಿಗೆ ಪ್ಲಾಸ್ಟಿಕ್ ಚೂರನ್ನೂ ಯಾಕೆ ಸೇರಿಸಬೇಕು? ಒಮ್ಮೆ ಬೆರೆತರೆ ಆರಿಸಿ ತೆಗೆಯಲು ಯಾರಿಂದಲೂ ಆಗದು. 2019ರ ಆಗಸ್ಟಿನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಜರಿದು ಮಂದಾರ ಎಂಬ ಊರಿನ ತೋಟಗಳ ಮೇಲೆ ಬಂದಾಗ ನಾವೆಲ್ಲ ಎಷ್ಟು ಸಂಕಟಪಟ್ಟೆವು. ಈ ಚೀಲದಲ್ಲಿ ಬರುವುದನ್ನು ನಾವೇ ದುಡ್ಡು ಕೊಟ್ಟು ಹರಡುತ್ತಿದ್ದೇವೆ.

ಈಗ ನಾನು ತರಿಸುವುದು ಉಡುಪಿ ಕಡೆ ದನದ ಹಟ್ಟಿ ಇರುವ ಒಂದು ಮನೆಯ ಎರೆಗೊಬ್ಬರ. ರೇಟ್ ಸ್ವಲ್ಪ ಜಾಸ್ತಿ, ಒದ್ದೆ ಇರುತ್ತದೆ, ಕಳೆ ಬೀಜವೂ ಬರುತ್ತದೆ. ಆದರೂ ತಟ್ಟೆಯಲ್ಲಿ ಹರಡಿ ನೋಡಿದಾಗ ಪ್ಲಾಸ್ಟಿಕ್ ಕಾಣಲಿಲ್ಲ. ನೀವು ಬೇರೆ ಕಡೆ ತರುವುದಾದರೆ ದನ ಬೀದಿಯಲ್ಲಿ ಮೇಯುತ್ತದಾ ಅಂತ ಕೇಳಿ, ಕಸ ತಿನ್ನುವ ದನದ ಸೆಗಣಿಯಲ್ಲೂ ಪ್ಲಾಸ್ಟಿಕ್ ಬರುತ್ತದೆ.

ಈ ಚೀಲಕ್ಕೆ ನನ್ನದು ಎರಡು ಸ್ಟಾರ್. ಮನೆಯಲ್ಲೇ ಬೇರ್ಪಡಿಸಿದ ಹಸಿಕಸ ಮಾತ್ರ ಬಳಸಿ ಮಾಡಿದರೆ ಮತ್ತೆ ಕೊಳ್ಳುತ್ತೇನೆ, ಇದನ್ನು ನರ್ಸರಿಯವರಿಗೂ ಹೇಳಿದ್ದೇನೆ. ಈಗಾಗಲೇ ಕುಂಡಕ್ಕೆ ಹಾಕಿದ್ದರೆ ಅಲ್ಲೇ ಇರಲಿ, ಗಿಡ ಮುಗಿದ ಮೇಲೆ ಆ ಮಣ್ಣನ್ನು ತೋಟಕ್ಕೆ ಸುರಿಯಬೇಡಿ, ಮತ್ತೆ ಕುಂಡಕ್ಕೇ ಬಳಸಿ.