ಅಡಿಕೆ ತೋಟದ ನೆರಳಿಗೆ ಯಾವ ಜಿಪಿಎಸ್?

ಅಕ್ಷಾಂಶ, ರೇಖಾಂಶಗಳ ಜಾಡು ಹಿಡಿದು ಅಡಗಿಸಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಚಿಂಗ್ ಆಟಕ್ಕೆ ಜೇಬಿನಲ್ಲಿರುವ ಮೊಬೈಲೇ ಸಾಲದೇ, ಅದಕ್ಕೆಂದು ಬೇರೆ ಜಿಪಿಎಸ್ ಉಪಕರಣವನ್ನು ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರವು ನೀವು ಎಲ್ಲಿ ಆಡುತ್ತೀರಿ ಎಂಬುದನ್ನು ಅವಲಂಬಿಸಿದೆ. ಕಾಸರಗೋಡು ಪೇಟೆ, ಕುಂಬಳೆಯ ಕಡಲ ಬದಿ, ಪೊಸಡಿ ಗುಂಪೆಯ ಬೋಳು ನೆತ್ತಿ ಮುಂತಾದ, ಆಕಾಶ ತೆರೆದುಕೊಂಡಿರುವ ಜಾಗಗಳಲ್ಲಿ ಮಾತ್ರ ಹುಡುಕುವವರಿಗೆ ಮೊಬೈಲ್ ಧಾರಾಳ ಸಾಕು. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಆದೂರಿನ ಒಳಭಾಗಗಳಿಗೆ ಇಳಿದರೆ ಮಾತು ಬೇರೆ. ಅಲ್ಲಿ ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ಪಕ್ಕದಲ್ಲಿ ಆಳೆತ್ತರದ ಮುರಕಲ್ಲಿನ ಧರೆ, ಮೇಲೆ ಸೋಗೆಗಳ ಚಪ್ಪರ, ಅದರ ಮೇಲೆ ಜೂನ್ ತಿಂಗಳಿನಿಂದ ಬಿಡದೆ ಸುರಿಯುವ ಮಳೆ. ಒದ್ದೆ ಬೆರಳಿಗೆ ಮೊಬೈಲಿನ ಪರದೆ ಓಗೊಡದ ಇಂಥ ಜಾಗಕ್ಕೆ ಯಾವ ಉಪಕರಣ ಹೊಂದುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ಆಟದ ಪರಿಚಯ ಇಲ್ಲದವರಿಗಾಗಿ ನಾಲ್ಕು ಮಾತು. ನಾಗರಿಕರ ಬಳಕೆಯ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರಕಾರವು 2000ದ ಮೇ 2ರಂದು ನಿಲ್ಲಿಸಿತು. ಅದುವರೆಗೆ ನೂರು ಮೀಟರಿನಷ್ಟು ತಪ್ಪು ತೋರಿಸಬಹುದಾಗಿದ್ದ ಉಪಕರಣಗಳು ಒಮ್ಮೆಗೇ ನಿಖರವಾದವು. ಮರುದಿನವೇ ಒರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬವರು ಒಂದು ಬಕೆಟ್ಟನ್ನು ಕಾಡಿನಲ್ಲಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಪ್ರಕಟಿಸಿದರು. ಒಬ್ಬರು ಡಬ್ಬಿ ಅಡಗಿಸುವುದು, ಇನ್ನೊಬ್ಬರು ಅಂಕಿಗಳ ಜಾಡು ಹಿಡಿದು ಹುಡುಕಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಇದ್ದಲ್ಲಿಯೇ ಇಟ್ಟು ಬರುವುದು: ಆಟ ಇಷ್ಟೇ. ಡಬ್ಬಿಯನ್ನು ನೆಲ ಅಗೆದು ಹೂಳುವಂತಿಲ್ಲ, ಜಾಗದ ಯಜಮಾನರ ಒಪ್ಪಿಗೆ ಬೇಕು, ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಅಂತರ ಇರಬೇಕು.

ಉಪಕರಣ ಕೊಳ್ಳುವವರು ಸಾಮಾನ್ಯವಾಗಿ ಮೊದಲು ನೋಡುವುದು ಪರದೆಯ ಗಾತ್ರವನ್ನು. ನಮ್ಮ ಕಡೆಗೆ ಮೊದಲು ನೋಡಬೇಕಾದದ್ದು ಆಂಟೆನಾ. ಉಪಗ್ರಹದಿಂದ ಬರುವ ಸಂಕೇತ ಮೊದಲೇ ಕ್ಷೀಣವಾದದ್ದು. ಒದ್ದೆ ಎಲೆಗಳು ಅದನ್ನು ಇನ್ನಷ್ಟು ಹೀರುತ್ತವೆ, ಧರೆಯ ಗೋಡೆಗಳು ಅದನ್ನು ಪ್ರತಿಫಲಿಸಿ ಸುತ್ತುದಾರಿಯಿಂದ ಉಪಕರಣಕ್ಕೆ ಮುಟ್ಟಿಸುತ್ತವೆ. ಹೀಗೆ ತಡವಾಗಿ ಬಂದ ಸಂಕೇತವನ್ನು ನೇರವಾಗಿ ಬಂದದ್ದೆಂದು ಲೆಕ್ಕ ಹಾಕಿದಾಗ ಜಾಗ ತಪ್ಪುತ್ತದೆ. ಬಯಲಿನಲ್ಲಿ ಮೂರರಿಂದ ಐದು ಮೀಟರಿನೊಳಗೆ ನಿಲ್ಲುವ ಅದೇ ಉಪಕರಣ ತೋಟದ ಕಣಿಯ ಬದಿಯಲ್ಲಿ ನಿಂತಾಗ ಗುರಿಗೆ ಈಗ ನಾಲ್ಕು ಮೀಟರ್ ಎನ್ನುತ್ತದೆ, ನೀವು ಕಾಲೆತ್ತಿ ಇಡುವ ಮೊದಲೇ ಹನ್ನೊಂದು ಎನ್ನುತ್ತದೆ, ಪರದೆಯಲ್ಲಿ ದಿಕ್ಕು ತೋರಿಸುವ ಬಾಣವನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಆರು ಎನ್ನುತ್ತದೆ. ಆಗ ಬಾಣದ ಹಿಂದೆ ಅತ್ತಿತ್ತ ಅಲೆಯುವುದರಿಂದ ಪ್ರಯೋಜನವಿಲ್ಲ; ಉಪಕರಣವನ್ನು ಒಂದು ಕಡೆ ಇಟ್ಟು ಅಂಕಿ ನೆಲೆಗೊಳ್ಳುವವರೆಗೆ ಕಾಯಬೇಕು, ಬಳಿಕ ಕಣ್ಣಿಗೆ ಕೆಲಸ ಕೊಡಬೇಕು.

ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಮಾದರಿಗಳಲ್ಲಿ ಇರುವುದು ಚಪ್ಪಟೆ ಆಂಟೆನಾ. ಅದನ್ನು ಅಂಗೈಯಲ್ಲಿ ಮುಖ ಮೇಲಾಗಿ, ನೆಲಕ್ಕೆ ಸಮವಾಗಿ ಹಿಡಿಯಬೇಕು. ಜಿಪಿಎಸ್‌ಮ್ಯಾಪ್ 65ರಂಥ ಮಾದರಿಗಳ ತಲೆಯಲ್ಲಿ ದಪ್ಪ ಮೊಳೆಯಂತೆ ಎದ್ದು ಕಾಣುವುದು ಸುರುಳಿ ಆಂಟೆನಾ. ಅದನ್ನು ನೆಟ್ಟಗೆ ಹಿಡಿದರೆ ಒಳ್ಳೆಯದು. ಇಷ್ಟು ಸಣ್ಣ ವಿಷಯ ತಿಳಿಯದೆ ಇಟ್ರೆಕ್ಸನ್ನು ಕೊರಳಿಗೆ ತೂಗುಹಾಕಿ, ಎದೆಗೆ ಅಂಟಿಸಿಕೊಂಡು ನಡೆದು, ಮೈಯಿಂದಲೇ ಅರ್ಧ ಆಕಾಶವನ್ನು ಮರೆಮಾಡಿ, ಆಮೇಲೆ ಉಪಕರಣವೇ ಸರಿಯಿಲ್ಲ ಎಂದು ದೂರುವವರಿದ್ದಾರೆ.

2020ರಲ್ಲಿ ಬಂದ ಜಿಪಿಎಸ್‌ಮ್ಯಾಪ್ 65 ಮತ್ತು 65ಎಸ್ ಮಾದರಿಗಳ ಹೆಚ್ಚುಗಾರಿಕೆ ಇನ್ನೊಂದಿದೆ. ಅವು ಹಳೆಯ 1575.42 ಮೆಗಾಹರ್ಟ್ಸ್ ತರಂಗದ ಜೊತೆಗೆ 1176.45 ಮೆಗಾಹರ್ಟ್ಸಿನ ಎಲ್5 ತರಂಗವನ್ನೂ ಹಿಡಿಯುತ್ತವೆ. ಎರಡನೆಯ ತರಂಗದ ರಚನೆಯಿಂದಾಗಿ ನೇರ ಸಂಕೇತವನ್ನೂ ಗೋಡೆಗೆ ಬಡಿದು ಬಂದ ಸಂಕೇತವನ್ನೂ ಬೇರ್ಪಡಿಸುವುದು ಸುಲಭವಾಗುತ್ತದೆ. ಸೋಗೆಯ ಚಪ್ಪರದಡಿ, ಕಲ್ಲು ಕಡಿದ ಹಳೆಯ ಕೋರೆಗಳ ಅಂಚಿನಲ್ಲಿ, ಇದರ ಲಾಭ ಎದ್ದು ಕಾಣುತ್ತದೆ; ಬಾಣದ ಕುಣಿತ ಕಡಿಮೆ. ಹಾಗೆಂದು ಪವಾಡ ನಿರೀಕ್ಷಿಸಬಾರದು. ನಮ್ಮ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಲಾಗಿ ಕೊರೆದಿರುವ ಸುರಂಗಗಳ ಒಳಗೆ ಯಾವ ಉಪಕರಣವೂ ನಡೆಯದು. ಬಾಯಿಯ ಹೊರಗೆ ಅಳತೆ ತೆಗೆದುಕೊಳ್ಳುವುದೇ ದಾರಿ.

ಎರಡನೆಯದಾಗಿ ನೋಡಬೇಕಾದದ್ದು ದಿಕ್ಸೂಚಿ. ಇಟ್ರೆಕ್ಸ್ 22ಎಕ್ಸ್ ಮತ್ತು 32ಎಕ್ಸ್ ಎಂಬ ಎರಡು ಮಾದರಿಗಳು 2019ರಲ್ಲಿ ಜೊತೆಯಾಗಿ ಬಂದವು. ಹೊರನೋಟಕ್ಕೆ ಅವಳಿ ಮಕ್ಕಳು. ಎರಡಕ್ಕೂ 2.2 ಇಂಚಿನ ಬಣ್ಣದ ಪರದೆ, ಮೆಮೊರಿ ಕಾರ್ಡಿನ ಜಾಗ, ಎರಡು ಪೆನ್‌ಸೆಲ್‌ಗಳಲ್ಲಿ 25 ಗಂಟೆ ನಡೆಯುವ ಶಕ್ತಿ. ಆದರೆ 22ಎಕ್ಸ್‌ನಲ್ಲಿ ಕಾಂತ ದಿಕ್ಸೂಚಿ ಇಲ್ಲ. ನೀವು ನಡೆಯುತ್ತಿದ್ದರೆ ಮಾತ್ರ, ಹಿಂದಿನ ಬಿಂದುವಿಗೂ ಈಗಿನ ಬಿಂದುವಿಗೂ ಹೋಲಿಸಿ, ನೀವು ಯಾವ ಕಡೆ ಮುಖ ಮಾಡಿದ್ದೀರಿ ಎಂಬುದನ್ನು ಅದು ಊಹಿಸುತ್ತದೆ. ನಿಂತರೆ ಬಾಣಕ್ಕೆ ಅರ್ಥವಿಲ್ಲ. ಹೆದ್ದಾರಿ ಬದಿಯಲ್ಲಿ ಇದು ಕೊರತೆಯೇ ಅಲ್ಲ. ಆದರೆ ಡಬ್ಬಿಗೆ ಹತ್ತು ಮೀಟರ್ ಇದೆ ಎನ್ನುವಾಗ, ಒಂದು ಕಡೆ ತೋಡು, ಒಂದು ಕಡೆ ಮುಳ್ಳಿನ ಪೊದೆ, ಕಾಲ ಬುಡದಲ್ಲಿ ಉಂಬುಳ, ಹೀಗಿರುವಾಗ ದಿಕ್ಕು ತಿಳಿಯಲೆಂದು ಹತ್ತು ಹೆಜ್ಜೆ ಹಿಂದೆ ಮುಂದೆ ನಡೆಯುವ ವ್ಯವಧಾನ ಯಾರಿಗಿದೆ? 32ಎಕ್ಸ್‌ನಲ್ಲಿ ಮೂರು ಅಕ್ಷಗಳ ದಿಕ್ಸೂಚಿ ಇದೆ, ವಾಯುಭಾರದಿಂದ ಎತ್ತರ ತಿಳಿಯುವ ವ್ಯವಸ್ಥೆಯೂ ಇದೆ. ಅಮೆರಿಕದಲ್ಲಿ ಬಿಡುಗಡೆಯ ವೇಳೆ ಇವುಗಳ ಬೆಲೆ ಕ್ರಮವಾಗಿ 200 ಮತ್ತು 300 ಡಾಲರುಗಳ ಆಸುಪಾಸಿನಲ್ಲಿತ್ತು. ಆ ನೂರು ಡಾಲರಿನ ವ್ಯತ್ಯಾಸ ನನ್ನ ಮಟ್ಟಿಗೆ ಪೂರ್ತಿಯಾಗಿ ದಿಕ್ಸೂಚಿಯದು. ಎತ್ತರದ ಮಾಪಕವಿಲ್ಲದೆ ಯಾರ ಡಬ್ಬಿಯೂ ತಪ್ಪಿಹೋಗುವುದಿಲ್ಲ. ಸೆಲ್ ಬದಲಿಸಿದಾಗಲೆಲ್ಲ ದಿಕ್ಸೂಚಿಯನ್ನು ಮತ್ತೆ ಸರಿಹೊಂದಿಸಿಕೊಳ್ಳಬೇಕು ಎಂಬುದನ್ನು ಮಾತ್ರ ನೆನಪಿಡಬೇಕು.

ಇಲ್ಲಿಯೇ 2023ರ ಇಟ್ರೆಕ್ಸ್ ಎಸ್ಇ ಎಂಬ ಅಗ್ಗದ ಮಾದರಿ ಅಚ್ಚರಿ ಹುಟ್ಟಿಸುತ್ತದೆ. ಬಿಡುಗಡೆಯ ಬೆಲೆ 150 ಡಾಲರ್. ಪರದೆ ಕಪ್ಪು ಬಿಳುಪು. ಆದರೂ 22ಎಕ್ಸ್‌ನಲ್ಲಿಲ್ಲದ ದಿಕ್ಸೂಚಿ ಇದರಲ್ಲಿದೆ. ಎರಡು ಪೆನ್‌ಸೆಲ್‌ಗಳಲ್ಲಿ 168 ಗಂಟೆ, ಅಂದರೆ ಏಳು ದಿನ, ಓಡುತ್ತದೆ ಎಂಬುದು ಕಂಪನಿಯ ಲೆಕ್ಕ. ಮಾರ್ಚ್ ತಿಂಗಳ ನಡುಹಗಲಿನಲ್ಲಿ, ನೆರಳೇ ಇಲ್ಲದ ಪದವಿನ ಮೇಲೆ ನಿಂತು ನೋಡಿದರೆ, ಕಣ್ಣು ಕಿರಿದುಗೊಳಿಸದೆ ಓದಬಹುದಾದದ್ದು ಈ ಕಪ್ಪು ಬಿಳುಪಿನ ಪರದೆಯೇ. ಮೊಬೈಲಿನ ಆಪ್ ಮೂಲಕ ಜೋಡಿಸಿಕೊಂಡರೆ ಡಬ್ಬಿಗಳ ವಿವರ, ಸುಳಿವು ಎಲ್ಲವೂ ತಾವಾಗಿ ಇಳಿಯುತ್ತವೆ. ನೆಟ್‌ವರ್ಕ್ ಕೈಕೊಡುವ ಕಡೆಗೆ ಹೋಗುವುದಾದರೆ ಮನೆಯಿಂದ ಹೊರಡುವ ಮೊದಲೇ ಇಳಿಸಿಕೊಳ್ಳಬೇಕು.

ಎಸ್ಇಯ ದೊಡ್ಡ ಕೊರತೆ ನಕಾಶೆ. ಅದರ ಬಾಣಕ್ಕೆ ಗೊತ್ತಿರುವುದು ನೇರ ಗೆರೆ ಮಾತ್ರ. ಹನ್ನೆರಡು ಹೊಳೆಗಳು ಹರಿಯುವ ಜಿಲ್ಲೆ ನಮ್ಮದು. ಗುರಿ ಆಚೆ ದಡದಲ್ಲಿದ್ದರೆ ನೂರೈವತ್ತು ಮೀಟರ್ ಎಂದು ತೋರಿಸುವ ಜಾಗಕ್ಕೆ ಸೇತುವೆ ಸುತ್ತಿ ಆರೇಳು ಕಿಲೋಮೀಟರ್ ಹೋಗಬೇಕಾದೀತು. 22ಎಕ್ಸ್, 32ಎಕ್ಸ್, 65ಎಸ್‌ಗಳಲ್ಲಾದರೆ ಓಪನ್ ಸ್ಟ್ರೀಟ್ ಮ್ಯಾಪಿನಿಂದ ಮಾಡಿದ ಉಚಿತ ನಕಾಶೆಯನ್ನು ಮೆಮೊರಿ ಕಾರ್ಡಿಗೆ ಹಾಕಿಕೊಳ್ಳಬಹುದು. ಸೇತುವೆ, ಪಂಚಾಯತು ರಸ್ತೆಗಳು ಅದರಲ್ಲಿ ಮಟ್ಟಸವಾಗಿಯೇ ಇವೆ. ತೋಟದ ನಡುವಿನ ಕಾಲುದಾರಿ ಮತ್ತು ಸಂಕಗಳಿಗೆ ಊರಿನವರ ಬಾಯಿಯೇ ಆಧಾರ. ಅಂದ ಹಾಗೆ, ಮೆನುವಿನಲ್ಲಿ ಕನ್ನಡವೂ ಇಲ್ಲ, ಮಲಯಾಳವೂ ಇಲ್ಲ, ಇಂಗ್ಲಿಷಿನಲ್ಲೇ ಏಗಬೇಕು.

ಅಂಕಿಗಳನ್ನು ಕೈಯಿಂದ ತುಂಬುವ ಕೆಲಸ ಇಟ್ರೆಕ್ಸ್ ಮಾದರಿಗಳಲ್ಲಿ ತಾಳ್ಮೆಯ ಪರೀಕ್ಷೆ. ಮುಖದ ಮೇಲಿರುವ ಪುಟ್ಟ ಗುಬುಟನ್ನು ಹೆಬ್ಬೆರಳಿನಿಂದ ಅತ್ತಿತ್ತ ತಳ್ಳಿ ಒಂದೊಂದೇ ಅಂಕಿಯನ್ನು ಆರಿಸಿ ಒತ್ತಬೇಕು. ಹಲವು ಹಂತಗಳ ಒಗಟಿನ ಡಬ್ಬಿಯಾದರೆ ಪ್ರತಿ ಹಂತಕ್ಕೂ ಇದೇ ಪಾಡು. ಸಾಧ್ಯವಿದ್ದಷ್ಟು, ಡಬ್ಬಿಗಳ ಅಂಕಿಗಳನ್ನು ಹೊತ್ತ ಜಿಪಿಎಕ್ಸ್ ಎಂಬ ಕಡತವನ್ನು ಕಂಪ್ಯೂಟರಿನಿಂದ ನೇರವಾಗಿ ಹಾಕಿಕೊಳ್ಳುವುದು ಜಾಣತನ. 22ಎಕ್ಸ್ ಮತ್ತು 32ಎಕ್ಸ್‌ಗೆ ಹಳೆಯ ಮಿನಿ ಯುಎಸ್‌ಬಿ ಕೇಬಲ್ ಬೇಕು. ಮೊಬೈಲಿನ ಕೇಬಲ್ ಅದಕ್ಕೆ ಕೂರುವುದಿಲ್ಲ. ಎಸ್ಇಗೆ ಈಗಿನ ಸಿ ಕೇಬಲ್ ಸಾಕು.

ಕೈಯಿಂದ ತುಂಬುವಾಗ ಅಂಕಿಗಳನ್ನು ಬರೆಯುವ ಕ್ರಮವನ್ನು ನೋಡಿಕೊಳ್ಳಬೇಕು. ಜಿಯೋಕ್ಯಾಚಿಂಗ್‌ನಲ್ಲಿ ಡಿಗ್ರಿ ಮತ್ತು ದಶಮಾಂಶ ನಿಮಿಷ ರೂಢಿ. ಮೊಬೈಲಿನ ನಕಾಶೆಗಳು ಸಾಮಾನ್ಯವಾಗಿ ಕೊಡುವುದು ದಶಮಾಂಶ ಡಿಗ್ರಿ. ಒಂದು ಡಿಗ್ರಿಗೆ 60 ನಿಮಿಷವಾದ್ದರಿಂದ 12.345 ಡಿಗ್ರಿ ಎಂದರೆ 12 ಡಿಗ್ರಿ 20.7 ನಿಮಿಷ. ಅದನ್ನು 12 ಡಿಗ್ರಿ 34.5 ನಿಮಿಷ ಎಂದು ತುಂಬಿದರೆ ಉಪಕರಣ ನಿಮ್ಮನ್ನು ಸುಮಾರು 25 ಕಿಲೋಮೀಟರ್ ಉತ್ತರಕ್ಕೆ ಕಳುಹಿಸುತ್ತದೆ. ಬೇಕಲದ ಕಡೆಯ ಡಬ್ಬಿಯನ್ನು ಕುಂಬಳೆಯ ಕಡೆ ಹುಡುಕಿದಂತಾಗುತ್ತದೆ. ಕ್ರಮ ಸರಿಯಿದ್ದರೆ ನಿಮಿಷದ ಸಾವಿರದಲ್ಲಿ ಒಂದು ಪಾಲು ನಮ್ಮ ಅಕ್ಷಾಂಶದಲ್ಲಿ 1.8 ಮೀಟರಿನಷ್ಟು, ಉಪಕರಣದ ನಿಖರತೆಗಿಂತಲೂ ಸೂಕ್ಷ್ಮ. ಡಬ್ಬಿ ಅಡಗಿಸುವವರು ಒಂದೇ ಸಲದ ಅಳತೆಯನ್ನು ನಂಬದೆ, ಹಲವು ಅಳತೆಗಳ ಸರಾಸರಿ ತೆಗೆಯುವ ಸೌಲಭ್ಯವನ್ನು ಬಳಸಿದರೆ ಹುಡುಕುವವರ ಪುಣ್ಯ ಕಟ್ಟಿಕೊಳ್ಳುತ್ತಾರೆ.

ಸೆಲ್‌ಗಳ ವಿಷಯದಲ್ಲಿ ನನ್ನ ಒಲವು ಬದಲಿಸಬಹುದಾದ ಪೆನ್‌ಸೆಲ್‌ಗಳ ಕಡೆಗೆ. ಜಿಪಿಎಸ್‌ಮ್ಯಾಪ್ 67ರಲ್ಲಿ ಮೂರು ಇಂಚಿನ ಪರದೆ, 180 ಗಂಟೆ ಬಾಳುವ ಒಳಗಿನ ಬ್ಯಾಟರಿ ಎಲ್ಲ ಇದ್ದರೂ, ಬ್ಯಾಟರಿ ಮುಗಿದರೆ ಪೆರ್ಲದ ಗೂಡಂಗಡಿ ನಿಮ್ಮನ್ನು ಕಾಪಾಡದು. ಪೆನ್‌ಸೆಲ್ ಎಲ್ಲಿಯೂ ಸಿಗುತ್ತದೆ. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಸೆಲ್ ಬಳಸುವುದಾದರೆ ಸೆಟ್ಟಿಂಗಿನಲ್ಲಿ ಸೆಲ್ಲಿನ ಜಾತಿಯನ್ನು ಬದಲಿಸಬೇಕು. ಇಲ್ಲವಾದರೆ ಅದರ 1.2 ವೋಲ್ಟನ್ನು ಕಂಡು ಉಪಕರಣವು ಸೆಲ್ ಮುಗಿಯುತ್ತಾ ಬಂತು ಎಂದು ಮೊದಲೇ ಬೊಬ್ಬಿಡುತ್ತದೆ. ಆಟವಿಲ್ಲದ ತಿಂಗಳುಗಳಲ್ಲಿ ಸೆಲ್ ತೆಗೆದಿಡಿ. ನಮ್ಮ ಮಳೆಗಾಲದ ತೇವಕ್ಕೆ ಸೋರಿದ ಸೆಲ್ ಒಳಗಿನ ತಗಡನ್ನು ತಿಂದುಹಾಕುತ್ತದೆ.

ಉಪಕರಣ ಹಿಡಿದು ಹಳ್ಳಿಯೊಳಗೆ ನಡೆಯುವುದಕ್ಕೆ ಇನ್ನೊಂದು ಮುಖವಿದೆ. ಹೆದ್ದಾರಿ 66ರ ಅಗಲೀಕರಣ, ಕೆ-ರೈಲು ಎಂಬ ವೇಗದ ರೈಲು ಯೋಜನೆಯ ಗಡಿಕಲ್ಲುಗಳ ಗಲಾಟೆ, 2022ರ ನವೆಂಬರ್ 1ರಂದು ಕೇರಳ ಸರಕಾರ ಆರಂಭಿಸಿದ ಡಿಜಿಟಲ್ ಮರುಸರ್ವೆ, ಇವೆಲ್ಲವನ್ನು ಕಂಡ ಊರಿನವರಿಗೆ ಪರದೆ ನೋಡುತ್ತಾ ತೋಟದ ಬೇಲಿಯ ಬಳಿ ನಿಂತವರ ಮೇಲೆ ಗುಮಾನಿ ಸಹಜ. "ಎಂತ, ಸರ್ವೆಯವರಾ?" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ. ಆಟವೆಂದು ತಿಳಿದ ಬಳಿಕ ಬರುವ ಎರಡನೆಯ ಪ್ರಶ್ನೆ, "ಹಾಗಾದರೆ ನಮ್ಮ ಜಾಗದ ಗಡಿ ಒಮ್ಮೆ ನೋಡಿ ಹೇಳಬಹುದಾ ಅಣ್ಣ?" ದಯವಿಟ್ಟು ಹೇಳಬೇಡಿ. ಸರ್ವೆಯವರು ಬಳಸುವ ಆರ್‌ಟಿಕೆ ರೋವರ್ ಎಂಬ ಅಳತೆಯ ಉಪಕರಣ ಸೆಂಟಿಮೀಟರುಗಳ ಲೆಕ್ಕದ್ದು. ನಮ್ಮದು ಮೀಟರುಗಳ ಲೆಕ್ಕದ್ದು. ಮೂರು ಮೀಟರಿನ ತಪ್ಪು ಅಂದರೆ ಒಂದು ಸಾಲು ಅಡಿಕೆ ಮರ.

ಕೊನೆಗೆ ಕೊಳ್ಳುವ ಮಾತು. ಮೊದಲ ಸಲ ಕೊಳ್ಳುವವರಿಗೆ ಎಸ್ಇಯನ್ನು ಹೇಳುತ್ತೇನೆ. ನಕಾಶೆಗೆ ಮೊಬೈಲ್, ಬಾಣಕ್ಕೆ ಎಸ್ಇ, ಈ ಜೋಡಿ ಚೆನ್ನಾಗಿ ನಡೆಯುತ್ತದೆ. ತೋಟ, ಕಾಡುಗಳಲ್ಲೇ ಹೆಚ್ಚು ಅಲೆಯುವವರು, ಡಬ್ಬಿ ಅಡಗಿಸುವವರು 65ಎಸ್‌ಗೆ ಹಣ ಕೂಡಿಡಲಿ. ಸೆಲ್ 16 ಗಂಟೆಯಷ್ಟೇ ಬರುತ್ತದೆ ಎಂಬುದನ್ನು ಬಿಟ್ಟರೆ ಅದರಲ್ಲಿ ದೂರುವಂಥದ್ದಿಲ್ಲ. 32ಎಕ್ಸ್ ಒಳ್ಳೆಯ ಬೆಲೆಗೆ ಸಿಕ್ಕಿದರೆ ಬಿಡಬೇಡಿ, 22ಎಕ್ಸ್ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಸೆಲ್ಲಿನ ಮುಚ್ಚಳ ತೆಗೆದು ಸುತ್ತಲಿನ ರಬ್ಬರು ಬಿರುಕು ಬಿಟ್ಟಿದೆಯೇ ಎಂದು ನೋಡಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂಬ ಐಪಿಎಕ್ಸ್7 ಭರವಸೆ ನಿಂತಿರುವುದು ಆ ರಬ್ಬರಿನ ಮೇಲೆ. ಗಲ್ಫಿನಿಂದ ರಜೆಗೆ ಬರುವ ಭಾವನೋ ತಮ್ಮನೋ ತಂದುಕೊಡುತ್ತಾರೆಂದಾದರೆ, ಇನ್‌ರೀಚ್ ಎಂಬ ಸೌಲಭ್ಯವಿರುವ 66ಐ, 67ಐ ಮಾದರಿಗಳನ್ನು ತರಬೇಡಿರೆಂದು ಮೊದಲೇ ಹೇಳಿಬಿಡಿ. ಅವು ಉಪಗ್ರಹದ ಮೂಲಕ ಸಂದೇಶವನ್ನು ಕಳುಹಿಸಲೂ ಬಲ್ಲವು. ಅಂಥವುಗಳನ್ನು ದೂರಸಂಪರ್ಕ ಇಲಾಖೆಯ ಪರವಾನಿಗೆಯಿಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣಗಳಲ್ಲಿ ಹಿಡಿದು ಪ್ರಕರಣ ದಾಖಲಿಸಿದ್ದೂ ಉಂಟು. ಸಂಕೇತವನ್ನು ಪಡೆಯುವುದಷ್ಟೇ ಗೊತ್ತಿರುವ ಎಸ್ಇ, 32ಎಕ್ಸ್, 65ಎಸ್ ಮಾದರಿಗಳು ಈ ಗುಂಪಿಗೆ ಸೇರುವುದಿಲ್ಲ.