ಹಳೆಯ ಇಂಡಿಕಾದ ಅಲಾರಂಗೆ ಹೊಸ ರಿಮೋಟ್: ವರ್ಷ ದಾಟಿದ ಬಳಕೆಯ ನಂತರ

ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಒದಲ್ಲಿ ಮತ್ತೆ ಐದು ವರ್ಷಕ್ಕೆ ನೋಂದಣಿ ನವೀಕರಿಸಿಕೊಂಡ ಕಾರಿಗೆ ಎಷ್ಟು ಖರ್ಚು ಮಾಡಬೇಕು ಎಂಬುದಕ್ಕೆ ನಮ್ಮ ಮನೆಯಲ್ಲಿ ಒಂದು ಲೆಕ್ಕವಿದೆ: ಓಡುವುದಕ್ಕೂ ನಿಲ್ಲುವುದಕ್ಕೂ ಬೇಕಾದುದಕ್ಕೆ ಕೈ ಬಿಗಿ ಹಿಡಿಯುವುದಿಲ್ಲ, ಉಳಿದದ್ದಕ್ಕೆ ಬಿಚ್ಚುವುದಿಲ್ಲ. ನಮ್ಮ 2008ರ ಟಾಟಾ ಇಂಡಿಕಾ ಡೀಸೆಲ್‌ನ ಅಲಾರಂ ಈ ಎರಡರ ನಡುವೆ ಬರುವ ವಸ್ತು. ಕಾರು ಕೊಂಡ ಹೊಸದರಲ್ಲಿ ಹೊರಗಿನ ಅಂಗಡಿಯಲ್ಲಿ ಕೂಡಿಸಿದ ಈ ಸೆಟ್ ನಾಲ್ಕೂ ಬಾಗಿಲುಗಳ ಸೆಂಟ್ರಲ್ ಲಾಕನ್ನು ನಡೆಸುತ್ತದೆ. ಅದರ ರಿಲೇ ಸ್ಟಾರ್ಟರಿನ ತಂತಿಯನ್ನು ತಡೆದಿರುವುದರಿಂದ ರಿಮೋಟ್ ಒತ್ತದೆ ಕೀಲಿ ತಿರುವಿದರೆ ಸೈರನ್ ಕೂಗುತ್ತದೆಯೇ ಹೊರತು ಎಂಜಿನ್ ತಿರುಗುವುದಿಲ್ಲ. ಇದರ ಎರಡು ರಿಮೋಟ್‌ಗಳಲ್ಲಿ ಒಂದು, ಹೋಳಿಯ ನಂತರದ ನಮ್ಮ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ, ತೇರಿನ ದಿನದ ಜನಸಂದಣಿಯಲ್ಲಿ ಕಳೆದುಹೋಯಿತು. ಇನ್ನೊಂದು, ಆಗಾಗ ಕಾರು ಒಯ್ಯುವ ತಮ್ಮನ ಬಳಿ ಬೀದರಿನಲ್ಲಿತ್ತು. ಅಂದು ಮನೆಗೆ ಬಂದದ್ದು ಸ್ಟಿಯರಿಂಗ್ ಕೆಳಗೆ ಮರೆಯಲ್ಲಿರುವ ವ್ಯಾಲೆಟ್ ಸ್ವಿಚ್ ಒತ್ತಿ ಅಲಾರಂ ಬಾಯಿ ಮುಚ್ಚಿಸಿಯೇ.

ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ದೊರೆತ ಉತ್ತರ ಹೀಗಿತ್ತು: “ಕಾಕಾ, ಹಳೇ ಡಬ್ಬಿಗೆ ರಿಮೋಟ್ ಹುಡುಕ್ಕೋತ ಯಾಕ ತಿರಗ್ತೀರಿ, ಪೂರಾ ಸೆಟ್ಟೇ ಹಾಕಿಬಿಡ್ರಿ, ಮೂರು ಸಾವಿರದಾಗ ಮುಗೀತದ.” ಅವರ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಆದರೆ ಹೊಸ ಸೆಟ್ ಎಂದರೆ ಡ್ಯಾಶ್‌ಬೋರ್ಡಿನ ಕೆಳಗಿನ ತಂತಿಗಳನ್ನೆಲ್ಲ ಮತ್ತೆ ಕತ್ತರಿಸಿ ಟೇಪು ಸುತ್ತುವ ಕೆಲಸ, ಮತ್ತು ಹಳೆಯ ಕಾರಿನಲ್ಲಿ ಒಮ್ಮೆ ಕೈ ಹಾಕಿದ ತಂತಿ ಮುಂದೆ ಎಂದಾದರೂ ಮಳೆಗಾಲದಲ್ಲಿ ಲೆಕ್ಕ ಕೇಳುತ್ತದೆ. ಹಾಗಾಗಿ ಕಾರಿನೊಳಗೆ ಅಲಾರಂ ನಡೆಸುವ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿದ್ದ ಮಾದರಿ ಸಂಖ್ಯೆಯನ್ನು ಟಾರ್ಚ್ ಹಿಡಿದು ಓದಿಕೊಂಡು, ಅದೇ ಸಂಖ್ಯೆಗೆ ಹೊಂದುವ ಒಂದು ರಿಮೋಟನ್ನು ಆನ್‌ಲೈನಿನಲ್ಲಿ ಆರುನೂರು ರೂಪಾಯಿಯೊಳಗೆ ತರಿಸಿದೆ.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಕೊಳ್ಳುವವರಲ್ಲಿ ಹೆಚ್ಚಿನವರು ಎಡವುವುದು ಇದೇ ಜಾಗದಲ್ಲಿ. “ಯಾವ ರಿಮೋಟನ್ನಾದರೂ ನಕಲು ಮಾಡುತ್ತದೆ” ಎಂದು ಮಾರುವ ಅಗ್ಗದ ಕಾಪಿ ರಿಮೋಟ್‌ಗಳು ಕೆಲಸ ಮಾಡುವುದು, ಪ್ರತಿಬಾರಿಯೂ ಒಂದೇ ಕೋಡನ್ನು ಕಳಿಸುವ ಸರಳ ಜಾತಿಯ ಅಲಾರಂಗಳಿಗೆ ಮಾತ್ರ. ನಮ್ಮ ಹಳೆಯ ರಿಮೋಟನ್ನು ಬಿಚ್ಚಿದರೆ ಒಳಗಿನ ಎಂಟು ಕಾಲಿನ ಚಿಪ್ಪಿನ ಮೇಲೆ ಎಚ್‌ಸಿಎಸ್ 301 ಎಂದಿದೆ. ಅದು ಪ್ರತಿ ಸಲ ಗುಂಡಿ ಒತ್ತಿದಾಗಲೂ ತನ್ನೊಳಗಿನ ಎಣಿಕೆಯನ್ನು ಒಂದು ಹೆಚ್ಚಿಸಿ, ಅದನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸುವ ಜಾತಿ. ತಮ್ಮ ಯುಗಾದಿಗೆ ಬಂದಾಗ ಕುತೂಹಲಕ್ಕೆಂದು ತನ್ನ ರಿಮೋಟನ್ನು ಅಂಗಡಿಯೊಂದರಲ್ಲಿ ನಕಲು ಮಾಡಿಸಿಕೊಂಡು ಬಂದಿದ್ದ. ಮನೆಯ ಮುಂದೆ ನಿಂತ ಕಾರಿನ ಬಾಗಿಲು ಆ ನಕಲಿಗೆ ಒಮ್ಮೆ ತೆರೆದುಕೊಂಡಿತು, ಆಮೇಲೆ ಎಷ್ಟು ಒತ್ತಿದರೂ ಅಲುಗಲಿಲ್ಲ. ಕಾರಣ ಸರಳ: ಅಂಗಡಿಯಲ್ಲಿ ಹಿಡಿದಿಟ್ಟ ಕೋಡನ್ನು ಕಾರು ಅಲ್ಲಿಯವರೆಗೆ ಕೇಳಿರಲಿಲ್ಲ, ಒಮ್ಮೆ ಕೇಳಿದ ಮೇಲೆ ಅದು ಹಳತಾಯಿತು. ಒಂದೇ ಚಿಪ್ಪಿದ್ದರೂ ಸಾಲದು, ತಯಾರಕರು ಅದರಲ್ಲಿ ತುಂಬಿದ ಗುಪ್ತ ಕೀಲಿ-ಸಂಖ್ಯೆಯೂ ಹೊಂದಬೇಕಾದ್ದರಿಂದ, ನೋಡಲು ಹಾಗೆಯೇ ಇರುವ ಬೇರೆ ಕಂಪನಿಯ ರಿಮೋಟ್ ಕೊಂಡರೆ ದುಡ್ಡು ಹೋದಂತೆಯೇ. ಕೀಲಿಯ ತಲೆಯಲ್ಲಿರುವ ಚಿಪ್ಪನ್ನು ಗುರುತಿಸದೆ ಎಂಜಿನ್ ನಡೆಯಗೊಡದ, ಕಾರು ಕಂಪನಿಯದೇ ಆದ ಇಮೊಬಿಲೈಸರ್ ಇದಕ್ಕೆ ಸಂಬಂಧಿಸಿದ್ದಲ್ಲ. ಅದಕ್ಕೆ ಸ್ಕ್ಯಾನರ್ ಇರುವವರ ಬಳಿಯೇ ಹೋಗಬೇಕು.

ಇನ್ನು ಪ್ರೋಗ್ರಾಮ್ ಮಾಡುವ ಕ್ರಮ. ರಿಮೋಟಿನೊಂದಿಗೆ ಬಂದ ಕಾಗದ ಅಂಗೈಯಗಲ, ಅದರ ಅಕ್ಷರಗಳು ಸಾಸಿವೆಗಿಂತ ಸಣ್ಣವು. ಅದರ ಪ್ರಕಾರ, ಚಾಲಕನ ಬಾಗಿಲು ತೆರೆದಿಟ್ಟು ಇಗ್ನಿಷನ್ ಆನ್ ಮಾಡಿ, ವ್ಯಾಲೆಟ್ ಸ್ವಿಚ್ಚನ್ನು ಬೇಗಬೇಗ ಐದು ಸಲ ಒತ್ತಿದರೆ ಸೈರನ್ ಒಮ್ಮೆ ಚಿಕ್ ಎನ್ನುತ್ತದೆ, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿನುಗುವುದನ್ನು ಬಿಟ್ಟು ಸ್ಥಿರವಾಗಿ ಉರಿಯುತ್ತದೆ. ಆಗ ಹೊಸ ರಿಮೋಟಿನ ಲಾಕ್ ಗುಂಡಿಯನ್ನು ಒತ್ತಬೇಕು. ಪೆಟ್ಟಿಗೆ ಅದನ್ನು ಗುರುತಿಟ್ಟುಕೊಂಡರೆ ಮತ್ತೊಂದು ಚಿಕ್. ಕೆಲವು ಸೆಕೆಂಡು ಸುಮ್ಮನಿದ್ದರೆ ಕಲಿಕೆ ತಾನೇ ಮುಗಿಯುತ್ತದೆ. ಇದು ನನ್ನ ಪೆಟ್ಟಿಗೆಯ ಕ್ರಮ. ನಿಮ್ಮದಕ್ಕೆ ಒತ್ತುವ ಸಂಖ್ಯೆಯೂ ಸರದಿಯೂ ಬೇರೆ ಇರಬಹುದು, ನಿಮ್ಮ ಮಾದರಿಯ ಕಾಗದವನ್ನೇ ನಂಬಬೇಕು.

ನನ್ನ ಸಿಟ್ಟಿಗೆ ಕಾರಣವಾದದ್ದು ಕಾಗದದ ಕೊನೆಯ ಸಾಲು: ಕಲಿಕೆ ಶುರುವಾದೊಡನೆ ಹಿಂದಿನ ರಿಮೋಟ್‌ಗಳೆಲ್ಲ ಅಳಿಸಿಹೋಗುತ್ತವೆ, ಬೇಕಾದವನ್ನೆಲ್ಲ ಅದೇ ಸರದಿಯಲ್ಲಿ ಮತ್ತೆ ಕಲಿಸಬೇಕು. ಮಾರಾಟದ ಪುಟದಲ್ಲಿ ಬಣ್ಣ, ಗುಂಡಿಗಳು, ಎಷ್ಟು ದೂರಕ್ಕೆ ಕೇಳುತ್ತದೆ ಎಂಬುದೆಲ್ಲ ಇತ್ತು. ಈ ಒಂದು ಮಾತು ಇರಲಿಲ್ಲ. ತಮ್ಮನ ರಿಮೋಟ್ ನೂರು ಕಿಲೋಮೀಟರಿಗೂ ಆಚೆ ಬೀದರಿನಲ್ಲಿರುವಾಗ ಹೊಸದನ್ನು ಕಲಿಸಿದರೆ ಅವನದು ಸತ್ತುಹೋಗುತ್ತದೆ. ಆದ್ದರಿಂದ ಯುಗಾದಿಯವರೆಗೆ ಆರುನೂರು ರೂಪಾಯಿಯ ವಸ್ತು ಮೇಜಿನ ಮೇಲೆ ಬಿದ್ದುಕೊಂಡಿರಬೇಕಾಯಿತು, ನಾನು ಬಾಗಿಲು ಬಾಗಿಲಿಗೂ ಕೀಲಿ ತಿರುವುತ್ತಾ ತಿರುಗಬೇಕಾಯಿತು. ಇರುವುದಕ್ಕೆ ಇನ್ನೊಂದನ್ನು ಸೇರಿಸಲು ಬಾರದ ಈ ವ್ಯವಸ್ಥೆಯನ್ನು ಯಾವ ಪುಣ್ಯಾತ್ಮ ಯೋಚಿಸಿದನೋ ಎಂದು ಆ ದಿನಗಳಲ್ಲಿ ಅನ್ನಿಸಿದ್ದು ಸುಳ್ಳಲ್ಲ.

ಆ ಸಿಟ್ಟು ಇಳಿದದ್ದು ಹೆಂಡತಿಯ ಒಂದು ಪ್ರಶ್ನೆಯಿಂದ: “ಜಾತ್ರ್ಯಾಗ ಬಿದ್ದಿದ್ದು ಯಾರಿಗರೆ ಸಿಕ್ಕಿದ್ರ?” ಅಂದರೆ, ಸಿಕ್ಕವರು ನಮ್ಮ ಓಣಿಯಲ್ಲಿ ನಡೆದುಹೋಗುತ್ತಾ ಸುಮ್ಮನೆ ಒತ್ತಿನೋಡಿದರೆ ಕಾರಿನ ಬಾಗಿಲು ತೆರೆದುಕೊಳ್ಳುತ್ತಿತ್ತು, ಅಲಾರಂ ತನ್ನ ಕಾವಲನ್ನು ತಾನೇ ಬಿಡುತ್ತಿತ್ತು. ಸೇರಿಸುತ್ತ ಹೋಗುವ ಪೆಟ್ಟಿಗೆಯಾಗಿದ್ದರೆ ಕಳೆದದ್ದು ಅದರ ನೆನಪಿನಲ್ಲಿ ಹಾಗೆಯೇ ಉಳಿಯುತ್ತಿತ್ತು. ಕೈಯಲ್ಲಿ ತೋರಿಸಿದ ರಿಮೋಟ್‌ಗಳನ್ನಷ್ಟೇ ಒಪ್ಪಿ ಉಳಿದವನ್ನು ಮರೆಯುವ ಈ ಹಟಮಾರಿತನವೇ ಬೀಗ ಬದಲಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿಕೊಟ್ಟಿತು. ಯುಗಾದಿಯ ಮಧ್ಯಾಹ್ನ, ಹೋಳಿಗೆ ಊಟದ ಮೇಲೆ, ನಾವಿಬ್ಬರೂ ಕಾರಿನಲ್ಲಿ ಕುಳಿತು ಎರಡನ್ನೂ ಸರದಿಯಾಗಿ ಕಲಿಸಿದೆವು. ಎರಡು ಚಿಕ್ ಕೇಳಿದ ಮೇಲೆ ಆ ಬಿಸಿಲಿನಲ್ಲಿ ಕಾರಿನೊಳಗೆ ಕೂರುವ ಶಕ್ತಿ ಇಬ್ಬರಿಗೂ ಉಳಿದಿರಲಿಲ್ಲ.

ದಿನನಿತ್ಯದ ಬಳಕೆಯಲ್ಲಿ ಈ ರಿಮೋಟ್ ನನಗೆ ಇಷ್ಟವಾಗಿರುವುದು ಸಂಜೆಯ ಹೊತ್ತಿನಲ್ಲಿ. ಕಾರು ನಿಲ್ಲಿಸಿ, ಹಾಲಿನ ಪಾಕೀಟು ಒಂದು ಕೈಯಲ್ಲಿ ಹಿಡಿದು, ಗೇಟಿನ ಬಳಿ ಹೋಗಿ ಹಿಂದಿರುಗಿ ನೋಡದೆ ಒತ್ತುತ್ತೇನೆ. ನಾಲ್ಕೂ ಬಾಗಿಲುಗಳ ಟಕ್ ಒಟ್ಟಿಗೆ ಕೇಳಬೇಕು, ಗೋಡೆಯ ಮೇಲೆ ಇಂಡಿಕೇಟರಿನ ಹಳದಿ ಒಮ್ಮೆ ಮೂಡಿ ಮಾಯವಾಗಬೇಕು. ಹಿಂದಿನ ಎಡಬಾಗಿಲಿನ ಟಕ್ ಮಾತ್ರ ಸ್ವಲ್ಪ ತಡವಾಗಿ ಬರುತ್ತದೆ, ಅದು ಮೋಟರಿನ ಮುಪ್ಪು, ರಿಮೋಟಿನ ದೋಷವಲ್ಲ. ಬಾಗಿಲು ಸರಿಯಾಗಿ ಹಾಕಿರದಿದ್ದರೆ ಸೈರನ್ ಮೂರು ಸಲ ಚಿಕ್ ಎನ್ನುತ್ತದೆ. ಹತ್ತು ಗಂಟೆಯ ನಂತರ ಸದ್ದಿಲ್ಲದೆ ಲಾಕ್ ಮಾಡುವ ಗುಂಡಿಯನ್ನು ಒತ್ತುತ್ತೇನೆ, ನೆರೆಯವರ ಕೂಸು ಮಲಗಿರುತ್ತದೆ. ತೆರೆದ ಮೇಲೆ ಅರ್ಧ ನಿಮಿಷದೊಳಗೆ ಬಾಗಿಲು ಎಳೆಯದಿದ್ದರೆ ಕಾರು ತಾನೇ ಮತ್ತೆ ಲಾಕ್ ಆಗುತ್ತದೆ. ಜೇಬಿನಲ್ಲಿ ಗುಂಡಿ ಒತ್ತಿಹೋದ ದಿನಗಳಲ್ಲಿ ಇದು ಬಹಳ ಉಪಕಾರಿ.

ಜೇಬಿನಲ್ಲಿ ಒತ್ತಿಹೋಗುವುದೇ ಇದರ ದೊಡ್ಡ ಕೊರತೆ. ಹಳೆಯದರಲ್ಲಿ ಗುಂಡಿಗಳ ಸುತ್ತ ಸಣ್ಣ ಅಂಚಿತ್ತು, ಹೊಸದರಲ್ಲಿ ರಬ್ಬರ್ ಉಬ್ಬಿಕೊಂಡಿದೆ. ತಮ್ಮನ ಮನೆಯಲ್ಲಿ ಇನ್ನೊಂದು ಬಗೆಯ ತೊಂದರೆ: ಅವನ ಮೊಮ್ಮಗು ರಿಮೋಟನ್ನು ಆಟದ ಸಾಮಾನು ಮಾಡಿಕೊಂಡು ದಿನವಿಡೀ ಒತ್ತುತ್ತದೆ. ಕಾರಿನಿಂದ ದೂರದಲ್ಲಿ ಒತ್ತಿದಷ್ಟೂ ರಿಮೋಟಿನ ಎಣಿಕೆ ಮುಂದೆ ಓಡುತ್ತದೆ, ಕಾರಿನದು ಹಿಂದೆ ಉಳಿಯುತ್ತದೆ. ಈ ಬಗೆಯ ಚಿಪ್ಪುಗಳ ಸಾಮಾನ್ಯ ಪದ್ಧತಿಯಲ್ಲಿ 16 ಒತ್ತುಗಳವರೆಗಿನ ಅಂತರವನ್ನು ಪೆಟ್ಟಿಗೆ ನೇರವಾಗಿ ಒಪ್ಪುತ್ತದೆ. ಅದನ್ನು ಮೀರಿದರೆ ಮೊದಲ ಒತ್ತಿಗೆ ಸುಮ್ಮನಿದ್ದು, ಬೆನ್ನಿಗೇ ಎರಡನೆಯದು ಬಂದಾಗ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. “ಅಣ್ಣಾ, ರಿಮೋಟ್ ಕೆಟ್ಟದ” ಎಂದು ಅವನು ಫೋನ್ ಮಾಡಿದಾಗ ಎರಡು ಸಲ ಒತ್ತಿ ನೋಡಲು ಹೇಳಿದೆ, ಸರಿಹೋಯಿತು.

ಸೆಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಮ್ಮ ಹಳೆಯ ರಿಮೋಟಿಗೆ 12 ವೋಲ್ಟಿನ 27ಎ ಸೆಲ್ ಬೇಕು; ಅಂಗಡಿಯಲ್ಲಿ ಸುಲಭವಾಗಿ ಸಿಗುವ 23ಎ ಕೂಡ 12 ವೋಲ್ಟಿನದೇ, ಆದರೆ ಅದು ದಪ್ಪ, ಒತ್ತಿ ತುರುಕಿದರೆ ಮುಚ್ಚಳ ಸೀಳುತ್ತದೆ. ಹೊಸದರಲ್ಲಿ ಸಿಆರ್ 2032 ಎಂಬ ಚಪ್ಪಟೆ 3 ವೋಲ್ಟಿನ ಸೆಲ್ ಇದೆ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ರಿಮೋಟನ್ನು ಡ್ಯಾಶ್‌ಬೋರ್ಡಿನ ಮೇಲೆ ಬಿಡಬಾರದು. ಈ ಸೆಲ್‌ಗಳ ಮಿತಿ ಸಾಮಾನ್ಯವಾಗಿ 60 ಡಿಗ್ರಿ ಸೆಲ್ಸಿಯಸ್, ಗಾಜು ಏರಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಅದನ್ನು ದಾಟುವುದು ಕಷ್ಟವಲ್ಲ.

ಮಾದರಿ ಸಂಖ್ಯೆ ಹೊಂದಿದರೆ ಈ ಬೆಲೆಗೆ ಕೊಳ್ಳಬಹುದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಕಡಿಮೆ ಮಾಡಿದ ಒಂದು ಆ ಉಬ್ಬಿದ ಗುಂಡಿಗೆ. ತಮ್ಮನ ಹಳೆಯ ರಿಮೋಟಿನ ಲಾಕ್ ಗುಂಡಿಯ ರಬ್ಬರ್ ಈಗ ಹರಿಯುತ್ತಿದೆ. ಇನ್ನೊಂದನ್ನು ದೀಪಾವಳಿಗೆ ಮೊದಲೇ ತರಿಸಿಡಬೇಕು, ಏಕೆಂದರೆ ಅವನು ಬಂದಾಗಲೇ ಎಲ್ಲವನ್ನೂ ಒಟ್ಟಿಗೆ ಕಲಿಸಲು ಸಾಧ್ಯ.